ಗಾಜಿನ ಬಾಟಲಿಗೆ ಹಸೆ ಚಿತ್ತಾರ: ಕಡಿಮೆ ಖರ್ಚು, ಹೆಚ್ಚು ಬಾಳಿಕೆ

ಗಾಜಿಗೆ ಬಣ್ಣ ಹಚ್ಚಲು ಯಾರಿಗಾದರೂ ಬರುತ್ತದೆ. ಹಚ್ಚಿದ ಬಣ್ಣ ಮಳೆಗಾಲ ಕಳೆದರೂ ಎದ್ದು ಬರದಂತೆ ಮಾಡುವುದರಲ್ಲಿ ಕೆಲಸವಿದೆ. ಜಾಮ್, ಉಪ್ಪಿನಕಾಯಿ, ಕಾಫಿಪುಡಿಯ ಖಾಲಿ ಬಾಟಲಿಗಳನ್ನು ಅಲಂಕಾರದ ಜಾಡಿಗಳನ್ನಾಗಿ ಮಾಡುವ ವಿಧಾನಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬಾಟಲಿ ಹೊಸದಾಗಿ ಹೊಳೆಯುವ ಹೊತ್ತಿಗೇ ಮುಗಿದುಬಿಡುತ್ತವೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ, ಒಳಗೆ ನೀರು ತುಂಬಿ ಗಿಡ ಇಟ್ಟಾಗ, ಉಗುರು ತಾಗಿದಾಗ ಏನಾಗುತ್ತದೆ ಎಂದು ಹೇಳುವುದಿಲ್ಲ. ನಮ್ಮ ಮನೆ ಇರುವುದು ಶಿವಮೊಗ್ಗದಲ್ಲಿ. ಜೂನ್ ಬಂತೆಂದರೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಇಂಥ ಹವೆಯಲ್ಲಿ ಈ ಪ್ರಶ್ನೆಗಳೇ ಮೊದಲು ಎದುರಾಗುತ್ತವೆ. ಹಾಗಾಗಿ ಚಿತ್ರ ಬಿಡಿಸುವುದಕ್ಕಿಂತ ತೊಳೆಯುವುದು, ಉಜ್ಜುವುದು, ಕಾಯುವುದರ ಬಗ್ಗೆಯೇ ಇಲ್ಲಿ ಹೆಚ್ಚು ಬರೆದಿದ್ದೇನೆ. ಬಾಟಲಿಯ ಆಯುಷ್ಯ ನಿರ್ಧಾರವಾಗುವುದು ಅಲ್ಲಿ.

ಮಾಡಲು ಹೊರಟಿದ್ದು ಮೂರು ಬಗೆ. ಕಪಾಟಿನ ಮೇಲೆ ಇಡುವ ಮುಚ್ಚಳದ ಜಾಡಿಗಳು, ಮನಿಪ್ಲಾಂಟ್ ಬೆಳೆಸಲು ನೀರು ಹಾಕಿಡುವ ಎತ್ತರದ ಬಾಟಲಿಗಳು, ಒಳಗೆ ಬೆಳಕು ಇಡುವ ಒಂದು ದೀಪದ ಜಾಡಿ. ಮೊದಲ ಎರಡಕ್ಕೆ ಹಸೆ ಚಿತ್ತಾರದ ವಿನ್ಯಾಸ ಎಂದು ನಿರ್ಧರಿಸಿದೆ.

ಸಾಗರ, ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಮೇಲೆ ಬರೆಯುವ ಚಿತ್ತಾರವನ್ನು ಕಂಡವರಿಗೆ ಅದರ ಕ್ರಮ ಗೊತ್ತಿರುತ್ತದೆ. ಕೆಮ್ಮಣ್ಣು ಬಳಿದ ನೆಲೆಯ ಮೇಲೆ ಅಕ್ಕಿ ಅರೆದ ಬಿಳಿಯಿಂದ ತೆಳ್ಳನೆಯ ಎಳೆಗಳು, ಹುರಿದು ಕರಿದಾದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿ ನಾರು. ಬರೆಯುವವರು ಹೆಂಗಸರು. ಗೋಡೆಯ ಚಿತ್ರವನ್ನು ದುಂಡನೆಯ ಬಾಟಲಿಗೆ ತರುವುದು ಸರಿಯೇ ಎಂಬ ಅನುಮಾನ ಮೊದಲಿಗೆ ಇತ್ತು. ಅದನ್ನು ಕಳೆದದ್ದು ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೂ ಸಗಣಿ, ಕೆಮ್ಮಣ್ಣು ಸಾರಿಸಿ ಇದೇ ಎಳೆಗಳನ್ನು ಬರೆಯುತ್ತಾರೆ. ಅಂದರೆ ದುಂಡು ಮೈಯ ಮೇಲೆ ಚಿತ್ತಾರ ಬರೆಯುವ ಜಾಣ್ಮೆ ಆ ಹೆಂಗಸರ ಕೈಯಲ್ಲಿ ಮೊದಲಿನಿಂದಲೂ ಇದೆ. ನಾನು ಬಳಸಿದ್ದು ಅಕ್ರಿಲಿಕ್ ಬಣ್ಣ, ಗಾಜಿನ ಮೈ. ಆದರೆ ಎಳೆ ಎಳೆಯುವ ಶಿಸ್ತು ಅವರದು, ಅದನ್ನು ಹೇಳದೆ ಮುಂದೆ ಹೋಗಲಾರೆ.

ಬಾಟಲಿ ಆರಿಸುವುದು

ಮನೆಯಲ್ಲಿ ಇದ್ದವು ಸಾಲದೆ ಉಳಿದವನ್ನು ಗುಜರಿ ಅಂಗಡಿಯಿಂದ ತಂದೆ. ಅಲ್ಲಿ ಒಂದೊಂದಕ್ಕೆ ಐದರಿಂದ ಹತ್ತು ರೂಪಾಯಿ. ರಾಶಿಯಲ್ಲಿ ಹುಡುಕುವಾಗ ನೋಡಬೇಕಾದದ್ದು ಮೂರು ಸಂಗತಿ. ಬಾಯಿಯ ಅಂಚಿಗೆ ಬೆರಳು ಸವರಿದರೆ ಚೂರು ಹಾರಿದ ಜಾಗ ತಿಳಿಯುತ್ತದೆ, ಅಂಥದ್ದು ಬೇಡ. ಬೆಳಕಿಗೆ ಹಿಡಿದರೆ ಕೂದಲೆಳೆಯ ಬಿರುಕು ಕಾಣುತ್ತದೆ, ಅದೂ ಬೇಡ. ಮೂರನೆಯದು ಮೈಯ ಆಕಾರ. ಕಂಪನಿಯ ಹೆಸರು ಉಬ್ಬಾಗಿ ಎದ್ದಿರುವ ಬಾಟಲಿ, ಸೊಂಟದಲ್ಲಿ ಒಳಗೆ ಬಾಗಿದ ಬಾಟಲಿ ಎಳೆಯ ಚಿತ್ತಾರಕ್ಕೆ ಒಗ್ಗುವುದಿಲ್ಲ. ನೇರವಾಗಿ ನಿಂತ, ಅಗಲ ಬಾಯಿಯ ಜಾಮ್ ಬಾಟಲಿ ಎಲ್ಲಕ್ಕಿಂತ ಒಳ್ಳೆಯದು.

ಅಚ್ಚಿನಲ್ಲಿ ಮಾಡಿದ ಪ್ರತಿ ಬಾಟಲಿಯ ಎರಡು ಪಕ್ಕದಲ್ಲಿ, ಎದುರುಬದುರಾಗಿ, ಮೇಲಿಂದ ಕೆಳಗೆ ಒಂದೊಂದು ಸಣ್ಣ ಏಣು ಇರುತ್ತದೆ. ಅಚ್ಚಿನ ಎರಡು ಅರ್ಧಗಳು ಕೂಡಿದ ಜಾಗ ಅದು. ಅದರ ಮೇಲೆ ಕುಂಚ ಹಾದಾಗ ಎಳೆ ಒಂದು ಕ್ಷಣ ನಡುಗುತ್ತದೆ. ವಿನ್ಯಾಸದ ಮುಖ್ಯ ಭಾಗ ಎರಡು ಏಣುಗಳ ನಡುವೆ ಬರುವಂತೆ ಮೊದಲೇ ಗುರುತು ಹಾಕಿಕೊಂಡರೆ ಆ ನಡುಕ ಪಕ್ಕಕ್ಕೆ ಸರಿಯುತ್ತದೆ.

ಲೇಬಲ್, ಅಂಟು, ಜಿಡ್ಡು

ಲೇಬಲ್‌ಗಳಲ್ಲಿ ಎರಡು ಜಾತಿ. ಕಾಗದಕ್ಕೆ ಹಸಿ ಅಂಟು ಹಚ್ಚಿ ಮೆತ್ತಿದ್ದು ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆದರೆ ತಾನಾಗಿ ಜಾರುತ್ತದೆ. ಸ್ಟಿಕ್ಕರ್ ಬಗೆಯದು ಹಾಗಲ್ಲ. ಅದರ ಅಂಟಿಗೆ ನೀರು ತಾಗುವುದಿಲ್ಲ, ಎಣ್ಣೆ ತಾಗುತ್ತದೆ. ಮೇಲಿನ ಪದರ ಕಿತ್ತು, ಉಳಿದ ಅಂಟಿಗೆ ತೆಂಗಿನೆಣ್ಣೆ ಮತ್ತು ಅಡುಗೆ ಸೋಡಾ ಸಮಸಮ ಕಲೆಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೆಯ ಬಟ್ಟೆಯಿಂದ ಉಜ್ಜಿದೆ. ಎಣ್ಣೆ ಅಂಟನ್ನು ಮೆತ್ತಗೆ ಮಾಡುತ್ತದೆ, ಸೋಡಾದ ಹರಳು ಅದನ್ನು ಕೆರೆದು ತೆಗೆಯುತ್ತದೆ. ಹಟ ಹಿಡಿದ ಜಾಗಕ್ಕೆ ಸೀಮೆಎಣ್ಣೆಯೋ ಟರ್ಪೆಂಟೈನೋ ಒಂದೆರಡು ಹನಿ ಸಾಕು.

ತಣ್ಣಗಿನ ಬಾಟಲಿಗೆ ಕುದಿಯುವ ನೀರು ಸುರಿಯಬಾರದು. ಜಾಮ್ ಬಾಟಲಿಯ ಸಾಧಾರಣ ಗಾಜು ಬಿಸಿಗೆ ಹಿಗ್ಗುವ ಪ್ರಮಾಣ ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನ ಸುಮಾರು ಮೂರರಷ್ಟು. ಒಳಮೈ ಹಿಗ್ಗಿ ಹೊರಮೈ ಹಾಗೇ ಉಳಿದರೆ ತಳ ಕಳಚಿ ಬೀಳುತ್ತದೆ.

ಅಂಟು ಹೋದ ಮೇಲೆ ಉಳಿಯುವ ಎಣ್ಣೆಯ ತೆಳುಪದರವೇ ನಿಜವಾದ ಶತ್ರು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆದು, ಧಾರಾಳ ನೀರು ಹಾಯಿಸಿ, ಬಾಟಲಿಯನ್ನು ಎತ್ತಿ ಹಿಡಿದು ನೋಡಬೇಕು. ನೀರು ಮೈತುಂಬ ಒಂದೇ ಹಾಳೆಯಾಗಿ ಇಳಿದರೆ ಗಾಜು ಶುದ್ಧವಾಗಿದೆ. ಎಲ್ಲಾದರೂ ನೀರು ಒಡೆದು ಹನಿಹನಿಯಾಗಿ ನಿಂತರೆ ಅಲ್ಲಿ ಜಿಡ್ಡು ಇದೆ, ಮತ್ತೆ ತೊಳೆಯಬೇಕು. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಒಣಗಿದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು (ಎಣ್ಣೆ ಬೆರೆಸಿರದ ಬಗೆಯದು) ಶುಭ್ರ ಹತ್ತಿಬಟ್ಟೆಗೆ ಹಾಕಿ ಒರೆಸಿದರೆ ಮುಗಿಯಿತು. ಮನೆಯಲ್ಲಿ ಉಳಿದಿರುವ ಕೈ ಸ್ಯಾನಿಟೈಸರ್ ಬಳಸಿದರೆ ಸಾಲದೇ ಎಂದು ಅತ್ತಿಗೆ ಕೇಳಿದ್ದರು. ಅದು ಈ ಕೆಲಸಕ್ಕೆ ಆಗದು. ಕೈಯ ಚರ್ಮ ಒಣಗದಿರಲೆಂದು ಅದಕ್ಕೆ ಸಾಮಾನ್ಯವಾಗಿ ಗ್ಲಿಸರಿನ್ ಸೇರಿಸಿರುತ್ತಾರೆ. ಸ್ಪಿರಿಟ್ ಆರಿದ ಮೇಲೂ ಗ್ಲಿಸರಿನ್ ಗಾಜಿನ ಮೇಲೆ ಉಳಿಯುತ್ತದೆ. ಒರೆಸಿದ ನಂತರ ಬಾಟಲಿಯನ್ನು ಮುಟ್ಟುವುದಿದ್ದರೆ ಒಳಗೆ ಕೈ ತೂರಿಸಿ ಹಿಡಿಯಬೇಕು, ಇಲ್ಲವೇ ಬಾಯಿಯ ಅಂಚಿನಲ್ಲಿ. ಬೆರಳ ಗುರುತು ಎಂದರೆ ಮತ್ತೆ ಜಿಡ್ಡು.

ಮರ, ಮಡಕೆ, ಗೋಡೆ ಇವಕ್ಕೆಲ್ಲ ಸೂಕ್ಷ್ಮ ರಂಧ್ರಗಳಿವೆ. ಬಣ್ಣ ಅವುಗಳೊಳಗೆ ಇಳಿದು ಬೇರು ಬಿಡುತ್ತದೆ. ಗಾಜಿಗೆ ರಂಧ್ರವಿಲ್ಲ, ಬಣ್ಣ ಅದರ ಮೇಲೆ ಬರಿದೇ ಕೂತಿರುತ್ತದೆ. ಇನ್ನೊಂದು ತೊಡಕೂ ಇದೆ. ಗಾಜಿನ ಮೇಲ್ಮೈಗೆ ನೀರೆಂದರೆ ಬಹಳ ಪ್ರೀತಿ. ಗಾಳಿಯ ತೇವ ಬಣ್ಣದ ಅಂಚಿನಿಂದ ನುಸುಳಿ ಗಾಜಿಗೂ ಬಣ್ಣಕ್ಕೂ ನಡುವೆ ಸೇರಿಕೊಳ್ಳುತ್ತದೆ. ಮಲೆನಾಡಿನಲ್ಲಿ ಬಣ್ಣ ಅಂಚಿನಿಂದಲೇ ಏಳಲು ತೊಡಗುವುದು ಇದಕ್ಕಾಗಿ. ಹೀಗಾಗಿ ಗಾಜಿನ ಮೈಯನ್ನು ಸ್ವಲ್ಪ ಒರಟು ಮಾಡಿ ಬಣ್ಣಕ್ಕೆ ಹಿಡಿತ ಕೊಡುವುದು, ಅಂಚನ್ನು ಮುಚ್ಚುವುದು, ಇವೆರಡೂ ಬೇಕು.

ಒರಟು ಮಾಡಲು ಪೇಂಟರುಗಳು ವಾಟರ್ ಪೇಪರ್ ಎಂದು ಕರೆಯುವ ಕಪ್ಪು ಮರಳುಕಾಗದ, 320ನೆಯ ನಂಬರಿನದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿರುವ ಸಿಲಿಕಾನ್ ಕಾರ್ಬೈಡ್ ಗಾಜಿಗಿಂತ ಗಟ್ಟಿ. ಕಾಗದ, ಬಾಟಲಿ ಎರಡನ್ನೂ ಒದ್ದೆ ಮಾಡಿಯೇ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಗಾಜಿನ ಧೂಳು ಉಸಿರಿನೊಳಗೆ ಹೋಗುತ್ತದೆ. ಇಡೀ ಮೈ ಮಂಜು ಕವಿದಂತೆ ಮಸುಕಾದರೆ ಸಾಕು. ಮುಚ್ಚಳ ತಿರುಗುವ ಕತ್ತಿನ ಸುರುಳಿಯನ್ನು ಮತ್ತು ಬಾಯಿಯ ಅಂಚನ್ನು ಮುಟ್ಟಬಾರದು, ಅಲ್ಲಿಗೆ ಬಣ್ಣವೇ ಹೋಗಬಾರದು. ಉಜ್ಜಿದ ಮೇಲೆ ಇನ್ನೊಮ್ಮೆ ತೊಳೆತ, ಇನ್ನೊಮ್ಮೆ ಸ್ಪಿರಿಟ್.

ಇಷ್ಟೆಲ್ಲ ನಿಜಕ್ಕೂ ಬೇಕೇ ಎಂದು ತಿಳಿಯಲು ಒಂದೇ ಅಳತೆಯ ಬಾಟಲಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದೆ. ಒಂದಕ್ಕೆ ಬರೀ ಸೋಪಿನ ತೊಳೆತ. ಒಂದಕ್ಕೆ ಸೋಪು ಮತ್ತು ಸ್ಪಿರಿಟ್. ಒಂದಕ್ಕೆ ಇವೆರಡರ ಜೊತೆ ಮರಳುಕಾಗದ. ಇನ್ನೊಂದಕ್ಕೆ ಮರಳುಕಾಗದ ಬಿಟ್ಟು, ಬಣ್ಣಕ್ಕೆ ಫೆವಿಕಾಲ್ ಬೆರೆಸಿದ ಮೊದಲ ಪದರ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಬ್ಲೇಡಿನಿಂದ ಚೌಕಳಿ ಗೀರು ಹಾಕಿ, ಅದರ ಮೇಲೆ ಸೆಲ್ಲೋಟೇಪ್ ಒತ್ತಿ, ಒಮ್ಮೆಲೇ ಕಿತ್ತೆ. ಬಣ್ಣದ ಕಾರ್ಖಾನೆಗಳಲ್ಲಿ ಹಿಡಿತ ಅಳೆಯಲು ಮಾಡುವ ಪರೀಕ್ಷೆಯ ಮನೆಯ ರೂಪ ಇದು. ಮೊದಲನೆಯದರ ಚೌಕಗಳು ಟೇಪಿನ ಜೊತೆಗೇ ಬಂದವು. ಎರಡನೆಯದರಲ್ಲಿ ಗೀರಿನ ಅಂಚುಗಳು ಮಾತ್ರ ಹಾರಿದವು. ಮರಳುಕಾಗದ ಕಂಡದ್ದು ಅಲುಗಲಿಲ್ಲ. ಫೆವಿಕಾಲಿನದು ಒಣಗಿದ್ದಾಗ ಗಟ್ಟಿಯಾಗಿಯೇ ನಿಂತಿತು. ಒದ್ದೆ ಬಟ್ಟೆ ಸುತ್ತಿ ರಾತ್ರಿಯಿಡೀ ಇಟ್ಟ ಮೇಲೆ ಮಾತ್ರ ಬಣ್ಣ ಹಾಲುಬಿಳುಪಾಗಿ, ಬೆರಳಿಗೆ ಮೆತ್ತಗೆ ಹತ್ತಿತು. ಮರಕ್ಕೆ ಹಚ್ಚುವ ಸಾಧಾರಣ ಬಿಳಿ ಅಂಟು ಒಣಗಿದ ಮೇಲೂ ನೀರಿಗೆ ಸೋಲುತ್ತದೆ. ಬಯಲುಸೀಮೆಯಲ್ಲಿ, ಒಣ ಕಪಾಟಿನಲ್ಲಿ ಅದು ನಡೆಯಬಹುದು. ಗಿಡದ ಬಾಟಲಿಗೆ ಅದನ್ನು ಬಳಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬಿಳಿ ನೆಲೆ, ಕೆಂಪು ನೆಲೆ

ಮೊದಲ ಪದರಕ್ಕೆ ದುಬಾರಿ ಪ್ರೈಮರ್ ಬೇಕಾಗಿಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಡಬ್ಬದ ತಳದಲ್ಲಿ ಉಳಿದ ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಈ ಕೆಲಸಕ್ಕೆ ಬಹಳ ಚೆನ್ನ. ಹೊರಗೋಡೆಯ ಮಳೆ, ಬಿಸಿಲು ತಡೆಯಲೆಂದೇ ತಯಾರಿಸಿದ ಅಕ್ರಿಲಿಕ್ ಬಣ್ಣ ಅದು. ನಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಖಂಡಿತ ಇರುತ್ತದೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಕೆನೆಗಟ್ಟಿದ್ದರೆ ಹಳೆಯ ನೈಲಾನ್ ಬಟ್ಟೆಯಲ್ಲಿ ಸೋಸಬೇಕು. ಹಳಸಿದ ವಾಸನೆ ಬಂದರೆ ಎಸೆಯಬೇಕು.

ಹಚ್ಚಲು ಕುಂಚ ಬೇಡ, ಪಾತ್ರೆ ತೊಳೆಯುವ ಹೊಸ ಸ್ಪಂಜಿನ ಸಣ್ಣ ತುಂಡು ಸಾಕು. ಗಾಜಿನ ಮೇಲೆ ಕುಂಚ ಎಳೆದರೆ ಅದರ ಕೂದಲಿನ ಗೀರು ಉಳಿಯುತ್ತದೆ, ಎರಡನೆಯ ಸಲ ಎಳೆದಾಗ ಮೊದಲು ಹಚ್ಚಿದ್ದೂ ಎದ್ದು ಬರುತ್ತದೆ. ಸ್ಪಂಜಿನಲ್ಲಿ ಒತ್ತಿ ಒತ್ತಿ ಎತ್ತಿದರೆ ಸಣ್ಣ ಸಣ್ಣ ಕಾಳಿನ ಮೈ ಬರುತ್ತದೆ, ಗೋಡೆಗೆ ಸಾರಿಸಿದ ಮಣ್ಣಿನ ನೋಟಕ್ಕೆ ಅದೇ ಹತ್ತಿರ. ಮೊದಲ ಪದರ ಗಾಜು ಕಾಣುವಷ್ಟು ತೆಳ್ಳಗಿರಬೇಕು. ಇಲ್ಲಿ ತಾಳ್ಮೆ ಬೇಕು, ಏಕೆಂದರೆ ಆ ಹಂತದಲ್ಲಿ ಬಾಟಲಿ ಕೊಳಕಾಗಿ ಕಾಣುತ್ತದೆ, ಇನ್ನಷ್ಟು ಬಳಿದು ಮುಚ್ಚಿಬಿಡೋಣ ಎನಿಸುತ್ತದೆ. ದಪ್ಪ ಪದರದ ಮೇಲ್ಭಾಗ ಮೊದಲು ಒಣಗಿ ಒಳಗಿನ ನೀರನ್ನು ಕಟ್ಟಿಹಾಕುತ್ತದೆ. ಮುಂದೆ ಅದು ರಬ್ಬರಿನ ಹಾಗೆ ಎಳೆದರೆ ಬರುವ ಬಣ್ಣವಾಗುತ್ತದೆ. ತೆಳುವಾದ ಮೂರು ಪದರಕ್ಕೆ ದಪ್ಪನೆಯ ಒಂದು ಪದರ ಸಾಟಿಯಲ್ಲ. ಪದರಗಳ ನಡುವೆ ಬೇಸಿಗೆಯಲ್ಲಿ ಒಂದು ಗಂಟೆ ಬಿಟ್ಟರೆ ಸಾಕು. ಮಳೆ ಹಿಡಿದಿದ್ದರೆ ಬೆಳಿಗ್ಗೆ ಒಂದು, ಸಂಜೆ ಒಂದು.

ಬಿಳಿಯ ಮೇಲೆ ಕೆಂಪು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಸಣ್ಣ ಅಕ್ರಿಲಿಕ್ ಬಾಟಲಿಗಳಲ್ಲಿ ಇಂಡಿಯನ್ ರೆಡ್ ಎಂಬ ಬಣ್ಣ ಕೆಮ್ಮಣ್ಣಿಗೆ ಬಹಳ ಹತ್ತಿರ ಬರುತ್ತದೆ. ಅದಕ್ಕೆ ಚೂರು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಸಾಗರದ ಗೋಡೆಗಳ ಕೆಂಪೇ ಬಂತು. ಉಳಿತಾಯಕ್ಕಾಗಿ ಬಿಳಿ ಎಮಲ್ಷನ್ನಿಗೇ ಕೆಂಪು ಸ್ಟೇನರ್ (ಗೋಡೆಯ ಬಣ್ಣಕ್ಕೆ ಬೆರೆಸುವ ಗಾಢ ಬಣ್ಣ) ಹಾಕಬಹುದಲ್ಲ ಎಂದರೆ, ಬಿಳಿ ಸೇರಿದ ಕೆಂಪು ಎಷ್ಟು ಸ್ಟೇನರ್ ಸುರಿದರೂ ಗುಲಾಬಿಯ ಕಡೆಗೇ ವಾಲುತ್ತದೆ. ಆ ಗುಲಾಬಿಯ ಮೇಲೆ ಬಿಳಿ ಎಳೆ ಮಂಕಾಗುತ್ತದೆ. ಚಿತ್ತಾರದ ಜೀವ ಇರುವುದು ಕೆಂಪು ಬಿಳಿಗಳ ಅಂತರದಲ್ಲಿ, ಹಾಗಾಗಿ ಹಣ ಖರ್ಚು ಮಾಡಬೇಕಾದ ಜಾಗ ಇದು. ಕೆಂಪಿಗೆ ಬಟ್ಟೆಯಲ್ಲಿ ಜರಡಿ ಹಿಡಿದ ಸೀಮೆಸುಣ್ಣದ ಪುಡಿ ಒಂದು ಚಿಟಿಕೆ ಸೇರಿಸಿದೆ. ಪ್ಲಾಸ್ಟಿಕ್ಕಿನ ಹೊಳಪು ಹೋಗಿ ಮಣ್ಣಿನ ಮಬ್ಬು ಬಂತು. ಪುಡಿ ಹೆಚ್ಚಾದರೆ ಬಣ್ಣ ಉದುರುತ್ತದೆ, ಚಿಟಿಕೆ ಎಂದರೆ ಚಿಟಿಕೆಯೇ.

ಅಳತೆ ಮತ್ತು ಎಳೆ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ದುಂಡು ಬಾಟಲಿಯ ಮೇಲೆ ಸುತ್ತಲೂ ಸಮನಾದ ಗೆರೆ ಎಳೆಯುವುದು ಕೈಯ ಅಂದಾಜಿಗೆ ದಕ್ಕುವುದಿಲ್ಲ. ಅದಕ್ಕೆ ಒಂದು ಸರಳ ಉಪಾಯವಿದೆ. ಸಮತಟ್ಟಾದ ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಮೇಲಿನ ಪುಸ್ತಕದ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಗಟ್ಟಿ ಹಿಡಿದು, ಅದರ ಮೊನೆ ತಾಗುವಂತೆ ಬಾಟಲಿಯನ್ನು ನಿಲ್ಲಿಸಿ, ಬಾಟಲಿಯನ್ನೇ ನಿಧಾನವಾಗಿ ತಿರುಗಿಸಬೇಕು. ಗೆರೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಇನ್ನೊಂದು ಎತ್ತರದ ಗೆರೆ ಬೇಕೆಂದರೆ ಒಂದು ಪುಸ್ತಕ ತೆಗೆಯುವುದು ಅಥವಾ ಸೇರಿಸುವುದು. ಹಳೆಯ ದಿನಪತ್ರಿಕೆ ಮಡಿಸಿಟ್ಟರೆ ಇನ್ನೂ ಸಣ್ಣ ಅಂತರವೂ ಸಿಗುತ್ತದೆ.

ಸುತ್ತಳತೆಯನ್ನು ಪಾಲು ಮಾಡಲು ಸ್ಕೇಲು ಬೇಡ. ಕಾಗದದ ಪಟ್ಟಿಯನ್ನು ಬಾಟಲಿಗೆ ಸುತ್ತಿ, ತುದಿ ಕೂಡುವಲ್ಲಿ ಕತ್ತರಿಸಿ, ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೊಮ್ಮೆ ಅರ್ಧಕ್ಕೆ ಮಡಿಸಿದರೆ ಎಂಟು ಸಮ ಪಾಲು. ಬಿಡಿಸಿ ಮತ್ತೆ ಸುತ್ತಿ ಮಡಿಕೆಗಳ ಎದುರಿಗೆ ಚುಕ್ಕೆ ಇಟ್ಟರೆ ಆಯಿತು. ಈ ಎಂಟು ಚುಕ್ಕೆ, ಪುಸ್ತಕದ ಉಪಾಯದಿಂದ ಬಂದ ಅಡ್ಡ ಗೆರೆಗಳು, ಇವು ಸೇರಿ ಒಂದು ಚೌಕಳಿ ಹಂದರವಾಗುತ್ತದೆ. ಚಿತ್ತಾರದ ಎಲ್ಲ ಲೆಕ್ಕ ಕೂರುವುದು ಅದರೊಳಗೆ. ಚಿತ್ತಾರದಲ್ಲಿ ಬರುವ ಜೋಗಿ ಜಡೆ ಎಂಬ ವಿನ್ಯಾಸದ ಹೆಣಿಗೆಯನ್ನು ಬಾಟಲಿಯ ಸುತ್ತ ತಂದಾಗ ಅದರ ಕೊನೆ ಮೊದಲಿಗೆ ಸರಿಯಾಗಿ ಬಂದು ಕೂಡಬೇಕಾದರೆ ಪಾಲುಗಳು ಸಮಸಂಖ್ಯೆಯಲ್ಲಿ ಇರಬೇಕು. ಗೋಡೆಗೆ ಆದಿ ಅಂತ್ಯ ಎರಡೂ ಇವೆ, ಬಾಟಲಿಗೆ ಇಲ್ಲ. ಬುಟ್ಟಿ ಬರೆಯುವವರು ಈ ಲೆಕ್ಕವನ್ನು ಕಣ್ಣಳತೆಯಲ್ಲೇ ಮಾಡುವುದನ್ನು ನೋಡಿ ನಾನು ಬೆರಗಾಗಿದ್ದೇನೆ.

ನಿಂತ ಬಾಟಲಿಯ ಮೇಲೆ ಬರೆಯುವುದು ಕಷ್ಟ, ಮಲಗಿಸಿದರೆ ಉರುಳುತ್ತದೆ. ಕೊಡ ಹೊರಲು ತಲೆಯ ಮೇಲೆ ಇಟ್ಟುಕೊಳ್ಳುವಂಥ ಬಟ್ಟೆಯ ಸಿಂಬೆ ಎರಡು ಸುತ್ತಿಕೊಂಡು, ಒಂದನ್ನು ಕತ್ತಿನ ಕೆಳಗೆ, ಒಂದನ್ನು ತಳದ ಕಡೆ ಇಟ್ಟೆ. ಬಾಟಲಿ ಅಲ್ಲಾಡದೆ ಕೂತಿತು, ಬೇಕಾದಷ್ಟೇ ತಿರುಗಿಸಲೂ ಆಯಿತು. ಬರೆಯುವ ಕೈಯ ಮಣಿಕಟ್ಟಿಗೆ ಬಾಟಲಿಯಷ್ಟೇ ಎತ್ತರದ ಡಬ್ಬಿಯೊಂದನ್ನು ಆಸರೆಯಾಗಿ ಕೊಟ್ಟರೆ ಕೈ ನಡುಗುವುದಿಲ್ಲ.

ಎಳೆಗೆ ಬಿಳಿ ಬಣ್ಣ ನೀರ್ದೋಸೆ ಹಿಟ್ಟಿನ ಹದದಲ್ಲಿರಬೇಕು. ಗಟ್ಟಿಯಿದ್ದರೆ ಎಳೆ ನಡುವೆ ಕಡಿಯುತ್ತದೆ, ತೀರಾ ನೀರಾದರೆ ಕೆಂಪಿನೊಳಗೆ ಹರಡುತ್ತದೆ. ಅಷ್ಟೇ ಅಲ್ಲ, ನೀರು ಹೆಚ್ಚಾದ ಅಕ್ರಿಲಿಕ್ ತನ್ನ ಅಂಟನ್ನು ಕಳೆದುಕೊಂಡು ಒಣಗಿದ ಮೇಲೆ ಉದುರುತ್ತದೆ. ಪುಂಡಿ ನಾರಿನ ಕುಂಚವನ್ನೂ ಕಟ್ಟಿ ನೋಡಿದೆ. ಅಕ್ಕಿಯ ಬಿಳಿಯನ್ನು ಅದು ಸೊಗಸಾಗಿ ಹೊರುತ್ತದೆ. ಅಕ್ರಿಲಿಕ್ ಬೇಗ ಒಣಗಿ ನಾರಿನ ನಡುವೆ ಗಟ್ಟಿಯಾಗುವುದರಿಂದ ಅದನ್ನು ಮತ್ತೆ ಮತ್ತೆ ತೊಳೆಯಬೇಕಾಯಿತು. ಕೊನೆಗೆ ಸಣ್ಣ ಎಳೆಗಳಿಗೆ ಸೊನ್ನೆ ನಂಬರಿನ ದುಂಡು ಕುಂಚ, ದಪ್ಪ ಅಂಚುಗಳಿಗೆ ನಾರು, ಹೀಗೆ ಹಂಚಿಕೊಂಡೆ. ನಾರು ಬಿಡುವ ಅಂಚಿನಲ್ಲಿ ಒಂದು ಒರಟು ಚೆಲುವಿದೆ, ಅಂಗಡಿಯ ಕುಂಚಕ್ಕೆ ಅದು ಒಲಿಯುವುದಿಲ್ಲ. ಎಳೆಯನ್ನು ಎಳೆಯುವಾಗ ಕುಂಚವನ್ನು ಸರಿಸುವುದಕ್ಕಿಂತ ಬಾಟಲಿಯನ್ನು ತಿರುಗಿಸುವುದು ಒಳ್ಳೆಯದು. ಎಲ್ಲ ಉದ್ದನೆಯ ಎಳೆಗಳು ಮೊದಲು, ಅವು ಒಣಗಿದ ಮೇಲೆ ಒಳಗಿನ ಸಣ್ಣ ಕೆಲಸ, ಎಲ್ಲಕ್ಕೂ ಕೊನೆಗೆ ಕಪ್ಪು ಮತ್ತು ಹಳದಿಯ ಚುಕ್ಕೆಗಳು. ತಪ್ಪಿದ ಎಳೆಯನ್ನು ಹಸಿಯಾಗಿರುವಾಗಲೇ ಒದ್ದೆ ಹತ್ತಿಯ ಕಡ್ಡಿಯಿಂದ ಒರೆಸಬಹುದು. ಒಣಗಿದರೆ ಕೆಂಪು ಬಳಿದು ಮುಚ್ಚುವುದೊಂದೇ ದಾರಿ.

ಗಿಡದ ಬಾಟಲಿಗೆ ನೀರಿನ ಕಿಟಕಿ

ಬಣ್ಣದ ಬಾಟಲಿ ಮನಿಪ್ಲಾಂಟಿಗೆ ಬರೀ ಅಲಂಕಾರವಲ್ಲ, ಆರೋಗ್ಯವೂ ಹೌದು. ಬರಿ ಗಾಜಿನ ನೀರಿಗೆ ಬೆಳಕು ಬಿದ್ದರೆ ಕೆಲವೇ ವಾರಗಳಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಬೆಳಕು ತೂರದಂತೆ ಬಣ್ಣ ಬಳಿದರೆ ಪಾಚಿಗೆ ಬದುಕಿಲ್ಲ. ಆದರೆ ಆಗ ನೀರು ಎಷ್ಟಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಇದಕ್ಕಾಗಿ ಬಣ್ಣ ಹಚ್ಚುವ ಮೊದಲೇ ಹಿಂಬದಿಯಲ್ಲಿ ಮೇಲಿಂದ ಕೆಳಗೆ ಬೆರಳಿನ ಅರ್ಧದಷ್ಟು ಅಗಲದ ಮಾಸ್ಕಿಂಗ್ ಟೇಪ್ ಅಂಟಿಸಿ, ಕೊನೆಯ ಪದರ ಇನ್ನೂ ಸ್ವಲ್ಪ ಹಸಿಯಿರುವಾಗ ಕಿತ್ತೆ. ಪೂರ್ತಿ ಒಣಗಿದ ಮೇಲೆ ಕಿತ್ತರೆ ಬಣ್ಣದ ಅಂಚೂ ಜೊತೆಗೆ ಬರುತ್ತದೆ. ಕಿಟಕಿಯ ಕಡೆಯನ್ನು ಗೋಡೆಗೆ ತಿರುಗಿಸಿ ಇಟ್ಟರೆ ಬೆಳಕೂ ಬೀಳುವುದಿಲ್ಲ, ವಾರಕ್ಕೊಮ್ಮೆ ತಿರುಗಿಸಿ ನೀರಿನ ಮಟ್ಟ ನೋಡಬಹುದು. ಇಂಥ ಬಾಟಲಿಯ ಒಳಮೈಗೆ ಬಣ್ಣ ಎಂದೂ ಬೇಡ. ತಿನ್ನುವ ವಸ್ತು ಇಡುವ ಜಾಡಿಗೂ ಹಾಗೆಯೇ, ಬಾಯಿಯ ಅಂಚಿನಿಂದ ಎರಡು ಸೆಂಟಿಮೀಟರ್ ಕೆಳಗೆ ಬಣ್ಣ ನಿಲ್ಲಬೇಕು.

ದೀಪದ ಜಾಡಿಯ ದಾರಿ ಬೇರೆ. ಬೆಳಕು ಹಾಯಬೇಕಾದ್ದರಿಂದ ಮರಳುಕಾಗದ ಬೇಡ, ಎಮಲ್ಷನ್ ಬೇಡ. ಪಾರದರ್ಶಕ ಗ್ಲಾಸ್ ಕಲರ್ ಮತ್ತು ಉಬ್ಬು ಗೆರೆ ಹಾಕುವ ಲೈನರ್ ಟ್ಯೂಬು ಬೇಕು. ಲೈನರಿನಿಂದ ಮನೆ ಮನೆಯಾಗಿ ಗಡಿ ಹಾಕಿ, ಅದು ಗಟ್ಟಿಯಾದ ಮೇಲೆ ಒಂದೊಂದು ಮನೆಗೂ ಬಣ್ಣ ತುಂಬುವುದು. ಬಾಟಲಿಯನ್ನು ಮಲಗಿಸಿ, ಮೇಲೆ ಬಂದ ಮುಖಕ್ಕೆ ಮಾತ್ರ ತುಂಬಿ, ಅದು ಒಣಗಿದ ಮೇಲೆ ತಿರುಗಿಸಬೇಕು, ಇಲ್ಲವಾದರೆ ಬಣ್ಣ ಇಳಿದು ಒಂದು ಬದಿಗೆ ಸೇರುತ್ತದೆ. ಈ ಬಣ್ಣಗಳಲ್ಲಿ ದ್ರಾವಕದ ಜಾತಿಯದು ಘಾಟು, ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ ಕೂತು ಮಾಡಬೇಕಾದ ಕೆಲಸ. ಒಳಗೆ ಎಣ್ಣೆಯ ಹಣತೆಯನ್ನಾಗಲಿ ಮೇಣದ ಬತ್ತಿಯನ್ನಾಗಲಿ ಇಡಬೇಡಿ. ಸಾಧಾರಣ ಗಾಜು ಒಂದೇ ಕಡೆ ಕಾದು ಸೀಳಬಹುದು, ಬಣ್ಣವೂ ಸುಡುತ್ತದೆ. ಸಣ್ಣ ಎಲ್‌ಇಡಿ ಸರ ಸಾಕು.

ಮೈಸೂರು, ತಂಜಾವೂರು ಕಡೆ 19ನೆಯ ಶತಮಾನದಲ್ಲಿ ಗಾಜಿನ ಹಿಂಬದಿಯಿಂದ ದೇವರ ಚಿತ್ರಗಳನ್ನು ಬರೆಯುತ್ತಿದ್ದರು. ಅಲ್ಲಿ ಕ್ರಮವೇ ತಲೆಕೆಳಗು. ಕಣ್ಣು, ಒಡವೆ, ಅಂಚಿನ ಗೆರೆ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ನೀರು ಹಾಕದ, ಆಹಾರ ಇಡದ, ಕೈ ತೂರುವಷ್ಟು ಅಗಲ ಬಾಯಿಯ ಜಾಡಿ ಸಿಕ್ಕಿದರೆ ಆ ಕ್ರಮದಲ್ಲಿ ಒಳಗಿನಿಂದ ಬರೆಯಬೇಕೆಂಬ ಆಸೆ ಇದೆ. ಬಣ್ಣಕ್ಕೆ ಗಾಜೇ ಕಾವಲಾಗಿರುತ್ತದೆ.

ಒಣಗುವಿಕೆ, ವಾರ್ನಿಷ್, ಖರ್ಚು

ಅಕ್ರಿಲಿಕ್ ಅರ್ಧ ಗಂಟೆಯಲ್ಲಿ ಕೈಗೆ ಹತ್ತದಂತಾಗುತ್ತದೆ. ಅದು ಒಣಗಿದ್ದೇ ಹೊರತು ಗಟ್ಟಿಯಾದದ್ದಲ್ಲ. ನೀರು ಆರಿದ ಮೇಲೆ ಅದರೊಳಗಿನ ಪ್ಲಾಸ್ಟಿಕ್ ಕಣಗಳು ಒಂದಕ್ಕೊಂದು ಬೆಸೆದು ಪೂರ್ತಿ ಪೊರೆಯಾಗಲು ಸುಮಾರು ಮೂರು ವಾರ ಬೇಕು. ಅಷ್ಟು ದಿನ ಒದ್ದೆ ಬಟ್ಟೆ ತಾಗಿಸಬಾರದು, ಬಾಟಲಿಗಳನ್ನು ಒಂದಕ್ಕೊಂದು ಒತ್ತಿ ಇಡಬಾರದು. ಓವನ್ನಿನಲ್ಲಿಟ್ಟು ಬೇಯಿಸಿದರೆ ಗಟ್ಟಿಯಾಗುವ ಗಾಜಿನ ಬಣ್ಣಗಳು ಪ್ರತ್ಯೇಕವಾಗಿ ಸಿಗುತ್ತವೆ, ಬೆಲೆ ಹೆಚ್ಚು. ಬಾಟಲಿಯ ಮೇಲೆ ಹಾಗೆಂದು ಬರೆದಿರದ ಸಾಮಾನ್ಯ ಅಕ್ರಿಲಿಕ್ಕನ್ನು ಓವನ್ನಿಗೆ ಹಾಕಬೇಡಿ.

ಕೊನೆಯ ಎಳೆಯ ಮೇಲೆ ನಾಲ್ಕೈದು ದಿನ ಬಿಟ್ಟು ಎಣ್ಣೆಯ ಬದಲು ನೀರು ಬೆರೆಸಿ ತಯಾರಿಸಿದ (ವಾಟರ್ ಬೇಸ್ಡ್) ಜಾತಿಯ ಅಕ್ರಿಲಿಕ್ ವಾರ್ನಿಷ್, ಮಬ್ಬು ಬಗೆಯದು, ಎರಡು ತೆಳು ಪದರ ಹಚ್ಚಿದೆ. ಪೀಠೋಪಕರಣಕ್ಕೆ ಹಚ್ಚುವ ಎಣ್ಣೆ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಬಿಳಿ ಎಳೆಗಳ ಹೊಳಪನ್ನು ಕೊಲ್ಲುತ್ತದೆ. ವಾರ್ನಿಷ್ ಬಣ್ಣದ ಅಂಚಿಗೆ ನಿಲ್ಲದೆ ಒಂದೆರಡು ಮಿಲಿಮೀಟರ್ ಬರಿ ಗಾಜಿನ ಮೇಲೂ ಹಾಯಬೇಕು. ಮೇಲೆ ಹೇಳಿದ ತೇವ ನುಸುಳುವ ಬಾಗಿಲು ಮುಚ್ಚುವುದು ಹೀಗೆ. ನೀರಿನ ಕಿಟಕಿಯ ಎರಡೂ ಅಂಚುಗಳಿಗೂ ಇದೇ ಉಪಚಾರ. ಮುಚ್ಚಳಗಳಿಗೆ ಹೆಚ್ಚು ಹೇಳಲೇನೂ ಇಲ್ಲ. ಉಜ್ಜಿ, ಲೋಹದ ಪ್ರೈಮರ್ ಹಚ್ಚಿ, ಕಪ್ಪು ಬಳಿದು, ಕತ್ತಿಗೆ ಸೆಣಬಿನ ಹುರಿ ಸುತ್ತಿದೆ.

ಖರ್ಚಿನ ಲೆಕ್ಕ ಹೀಗಿದೆ. ಸಣ್ಣ ಅಕ್ರಿಲಿಕ್ ಬಾಟಲಿ ನಮ್ಮಲ್ಲಿ 40 ರೂಪಾಯಿಯ ಒಳಗೆ. ಕೆಂಪು ಎರಡು, ಬಿಳಿ ಒಂದು, ಕಪ್ಪು ಹಳದಿ ಒಂದೊಂದು. ಮರಳುಕಾಗದ, ಸ್ಪಿರಿಟ್, ಸ್ಪಂಜು, ಟೇಪ್ ಸೇರಿ 150ರ ಆಸುಪಾಸು. ಎಲ್ಲಕ್ಕಿಂತ ದುಬಾರಿ ವಾರ್ನಿಷ್, ಆದರೆ ಆ ಒಂದು ಡಬ್ಬಿ ಬಹಳ ಬಾಟಲಿಗಳಿಗೆ ಬರುತ್ತದೆ. ಒಟ್ಟು ಹಂಚಿದರೆ ಒಂದು ಜಾಡಿಗೆ 50 ರೂಪಾಯಿ ದಾಟಲಿಲ್ಲ. ಉಳಿಸುವುದಿದ್ದರೆ ಬಾಟಲಿಯಲ್ಲಿ, ನೆಲೆಬಣ್ಣದಲ್ಲಿ ಉಳಿಸಬಹುದು. ವಾರ್ನಿಷ್‌ನಲ್ಲಿ, ಕೆಂಪಿನ ಗುಣದಲ್ಲಿ ಉಳಿಸಲು ಹೋಗಬೇಡಿ.

ಮುಂದೆಂದಾದರೂ ಒಂದು ಮೂಲೆ ಹಾರಿದರೆ ಇಡೀ ಬಣ್ಣ ಕೆರೆದು ತೆಗೆಯಬೇಕಿಲ್ಲ. ಎದ್ದ ಭಾಗವನ್ನು ಬ್ಲೇಡಿನಿಂದ ಗಟ್ಟಿ ಬಣ್ಣ ಸಿಗುವವರೆಗೆ ಬಿಡಿಸಿ, ಆ ಅಂಚನ್ನು 400 ನಂಬರಿನ ಒದ್ದೆ ಮರಳುಕಾಗದದಿಂದ ಇಳಿಜಾರಾಗುವಂತೆ ಉಜ್ಜಿ, ಬರಿಯಾದ ಗಾಜಿಗೆ ಸ್ಪಿರಿಟ್ ಒರೆಸಿ, ಸ್ಪಂಜಿನ ತುದಿಯಿಂದ ಬಿಳಿ, ಅದು ಒಣಗಿದ ಮೇಲೆ ಕೆಂಪು ಒತ್ತಬೇಕು. ಕಡಿದುಹೋದ ಎಳೆಗಳನ್ನು ಎರಡೂ ಕಡೆಯ ಹಳೆಯ ಎಳೆಯಿಂದ ಆರಂಭಿಸಿ ನಡುವೆ ಕೂಡಿಸಿದರೆ ತೇಪೆ ಗೊತ್ತಾಗುವುದಿಲ್ಲ. ಇದಕ್ಕೆಂದು ಆ ಬ್ಯಾಚಿನ ಕೆಂಪು ಮಿಶ್ರಣವನ್ನು ಸಣ್ಣ ಔಷಧಿ ಸೀಸೆಯಲ್ಲಿ ಗಾಳಿಯಾಡದಂತೆ ಮುಚ್ಚಿ ಎತ್ತಿಟ್ಟಿದ್ದೇನೆ. ಮತ್ತೆ ಬೆರೆಸಿದರೆ ಅದೇ ಕೆಂಪು ಬರುವುದಿಲ್ಲ.